‘ಅಬೌಟ್ ಎಲಿ’ ಬಿಡಿಸಿ ನೋಡೋಣ: ಯಾರಿಗೆ, ಯಾವಾಗ, ಎಷ್ಟು ಗೊತ್ತಿತ್ತು?

ಪರದೆ_ಹಿಂದೆ (ಚರ್ಚೆ ಆರಂಭ)

ಚಿತ್ರಕಥೆ ಓದುವ ನಮ್ಮ ಗುಂಪು ಮುಂದಿನ ಸಲ ಅಸ್ಘರ್ ಫರ್ಹಾದಿಯ 2009ರ ‘ಅಬೌಟ್ ಎಲಿ’ ಎತ್ತಿಕೊಂಡಿದೆ. ಫಾರ್ಸಿಯಲ್ಲಿ ‘ದರ್ಬಾರೆ-ಯೆ ಎಲಿ’. ಹೆಸರನ್ನು ‘ಎಲಿ’ ಅಂತಲೇ ಬರೆಯೋಣ, ‘ಎಲ್ಲಿ’ ಅಂದರೆ ಪ್ರತಿ ವಾಕ್ಯವೂ ಪ್ರಶ್ನೆಯಾಗುತ್ತದೆ. ಚಿತ್ರ ನೋಡದವರು ಇಲ್ಲೇ ನಿಲ್ಲಿ, ಕೆಳಗೆ ಕಥೆ ಪೂರ್ತಿ ಬಯಲಾಗುತ್ತದೆ.

ನೋಡಿದವರಿಗೆ ನೆನಪಿಗಾಗಿ: ಟೆಹರಾನಿನ ಹಳೆಯ ಕಾಲೇಜು ಗೆಳೆಯರು ಮೂರು ದಿನಕ್ಕೆಂದು ಕ್ಯಾಸ್ಪಿಯನ್ ತೀರಕ್ಕೆ ಹೋಗುತ್ತಾರೆ. ಸೆಪಿದೆ–ಅಮೀರ್, ಶೊಹ್ರೆ–ಪೇಮಾನ್, ನಾಜಿ–ಮನೂಚೆಹ್ರ್, ಹೀಗೆ ಮೂರು ಜೋಡಿ, ಜೊತೆಗೆ ಮೂರು ಮಕ್ಕಳು. ಜರ್ಮನಿಯಲ್ಲಿ ವಿಚ್ಛೇದನ ಆಗಿ ಊರಿಗೆ ಬಂದಿರುವ ಅಹ್ಮದ್ ಕೂಡ ಇದ್ದಾನೆ. ಅವನಿಗೆ ಹೆಣ್ಣು ತೋರಿಸಲೆಂದು ಸೆಪಿದೆ ತನ್ನ ಮಗಳ ಶಿಶುವಿಹಾರದ ಟೀಚರ್ ಎಲಿಯನ್ನು ಕರೆತಂದಿದ್ದಾಳೆ. ಮಾರನೆಯ ದಿನ ಶೊಹ್ರೆಯ ಮಗ ಅರಾಶ್ ನೀರಿಗೆ ಸಿಕ್ಕಿ ಬದುಕುತ್ತಾನೆ. ಎಲಿ ಕಾಣುವುದಿಲ್ಲ. ಮುಳುಗಿದಳೋ, ಹೇಳದೆ ಊರಿಗೆ ಹೋದಳೋ ಯಾರಿಗೂ ತಿಳಿಯದು.

ನನ್ನ ಪ್ರಶ್ನೆ ಮೂರು. ಒಂದು, ಪತ್ತೇದಾರನೇ ಇಲ್ಲದ ಈ ಚಿತ್ರದಲ್ಲಿ ರಹಸ್ಯ ಹೇಗೆ ನಿಲ್ಲುತ್ತದೆ, ಅದನ್ನು ಗುಂಪಿನಲ್ಲಿ ಬಿಡಿಸುವ ವಿಧಾನ ಏನು? ಎರಡು, ಮುಳುಗುವ ಕ್ಷಣವನ್ನೇ ತೋರಿಸದಿರುವುದು ಪ್ರೇಕ್ಷಕರಿಗೆ ಮಾಡಿದ ಮೋಸವೇ? ಮೂರು, ಸೆಪಿದೆಯ ಕೊನೆಯ ಸುಳ್ಳನ್ನು (ಪ್ರವಾಸಕ್ಕೆ ಕರೆದಾಗ ಎಲಿ ಒಲ್ಲೆ ಅನ್ನಲಿಲ್ಲ ಎಂದು, ಎಲಿಗೆ ಮದುವೆ ಗೊತ್ತಾಗಿದ್ದ ಅಲಿರೆಜಾಗೆ ಹೇಳಿದ್ದು) ಚರ್ಚೆಗೆ ಹೇಗೆ ತರಬೇಕು? ‘ಅದು ಸರಿಯೋ ತಪ್ಪೋ’ ಎಂಬ ಕೂಗಾಟ ಬೇಡ.

ತುಂಗಾತೀರ

ಮೊದಲನೆಯದಕ್ಕೆ ಒಂದು ದೊಡ್ಡ ಚಾರ್ಟ್ ಹಾಳೆ ಸಾಕು. ಅಡ್ಡಕ್ಕೆ ಹತ್ತು ಕಾಲಂ: ಎಂಟು ಜನ ದೊಡ್ಡವರು, ಆಮೇಲೆ ಬರುವ ಅಲಿರೆಜಾ, ಕೊನೆಯದು ಪ್ರೇಕ್ಷಕ. ಉದ್ದಕ್ಕೆ ಘಟನೆಗಳನ್ನು ಬರೆಯಬೇಡಿ, ಸಂಗತಿಗಳನ್ನು ಬರೆಯಿರಿ. ಇಲ್ಲೇ ಹೆಚ್ಚಿನವರು ಎಡವುವುದು. ‘ಎಲಿ ಫೋನ್ ಮಾಡಿದಳು’ ಎಂಬುದು ಘಟನೆ. ‘ತಾನು ಇಲ್ಲಿರುವುದನ್ನು ಯಾರಿಗೂ ಹೇಳಬೇಡ ಎಂದು ಎಲಿ ತಾಯಿಗೆ ಹೇಳಿದ್ದಾಳೆ’ ಎಂಬುದು ಸಂಗತಿ. ಘಟನೆಗೆ ಒಂದೇ ನಿಮಿಷ ಇರುತ್ತದೆ. ಸಂಗತಿ ಒಬ್ಬೊಬ್ಬರಿಗೆ ಒಂದೊಂದು ನಿಮಿಷದಲ್ಲಿ ತಿಳಿಯುತ್ತದೆ, ನಮಗೆ ಬೇಕಾದದ್ದು ಆ ಅಂತರ.

ಏಳು ಸಾಲು ಸಾಕು. ಮೊದಲು ಗೊತ್ತುಮಾಡಿದ್ದ ವಿಲ್ಲಾಕ್ಕೆ ಮಾರನೆಯ ದಿನವೇ ಮಾಲೀಕರು ಬರುತ್ತಾರೆ ಎಂಬುದು. ವಿಲ್ಲಾ ನೋಡಿಕೊಳ್ಳುವ ಹೆಂಗಸಿಗೆ ಸೆಪಿದೆ, ಎಲಿ–ಅಹ್ಮದ್ ಹೊಸದಾಗಿ ಮದುವೆಯಾದವರು ಎಂದಿರುವುದು. ಎಲಿ ಒಂದೇ ರಾತ್ರಿಗೆಂದು ಬಂದಿರುವುದು. ತಾಯಿಗೆ ಹೇಳಿದ ಗುಟ್ಟು. ಎಲಿ ಹೋಗದಿರಲೆಂದು ಸೆಪಿದೆ ಅವಳ ಚೀಲ ಬಚ್ಚಿಟ್ಟಿರುವುದು. ಎಲಿಗೆ ನಿಶ್ಚಿತಾರ್ಥ ಆಗಿರುವುದು. ಕೊನೆಯದಾಗಿ, ಅದೇ ಕಾರಣಕ್ಕೆ ಅವಳು ಮೊದಲು ಬರಲು ಒಪ್ಪಿರಲಿಲ್ಲ ಎಂಬುದು.

ಪ್ರತಿ ಮನೆಯಲ್ಲೂ ಆ ವ್ಯಕ್ತಿಗೆ ಅದು ತಿಳಿದ ನಿಮಿಷ ಬರೆಯಿರಿ. ಮೊದಲಿನಿಂದಲೇ ಗೊತ್ತಿದ್ದರೆ ಸೊನ್ನೆ, ಕೊನೆಗೂ ಗೊತ್ತಾಗದಿದ್ದರೆ ಅಡ್ಡಗೆರೆ. ತುಂಬಿದ ಮೇಲೆ ಸೆಪಿದೆಯ ಕಾಲಂ ನೋಡಿ. ನಿಶ್ಚಿತಾರ್ಥ, ಮೊದಲ ನಿರಾಕರಣೆ, ಎರಡರಲ್ಲೂ ಸೊನ್ನೆ. ಉಳಿದವರ ಕಾಲಂನಲ್ಲಿ ಅವೇ ಸಾಲುಗಳು ಚಿತ್ರದ ಎರಡನೆಯ ಅರ್ಧದಲ್ಲಿ ಬಂದು ಬೀಳುತ್ತವೆ. ರಹಸ್ಯ ಸಮುದ್ರದಲ್ಲಿ ಇಲ್ಲ, ಅಡುಗೆಮನೆಯಲ್ಲಿ ಓಡಾಡುತ್ತಿರುವ ಒಬ್ಬಳ ತಲೆಯಲ್ಲಿದೆ. ಪತ್ತೇದಾರ ಬೇಕಾಗದಿರುವುದು ಅದಕ್ಕೇ: ಉತ್ತರ ಗೊತ್ತಿರುವವಳು ಎಲ್ಲರ ಜೊತೆ ಹುಡುಕುವಂತೆ ನಿಂತಿದ್ದಾಳೆ.

ಇನ್ನೊಂದು ತಪ್ಪು: ಪ್ರೇಕ್ಷಕನ ಕಾಲಂ ತುಂಬುವಾಗ ಎರಡನೆಯ ಸಲ ನೋಡಿದ ನೆನಪು ನುಸುಳುತ್ತದೆ. ಮೊದಲ ಸಲ ನೋಡುವ ಒಬ್ಬರ ಕೈಗೆ ಆ ಕಾಲಂ ಕೊಡಿ.

ಧಾರವಾಡ_ಪೇಡೆ

ತುಂಗಾತೀರ ಅವರ, ಚೀಲದ ಸಾಲಿನ ಮುಂದ ಇನ್ನೊಂದು ಕಾಲಂ ಹಾಕ್ರಿ, ‘ಇದು ತಿಳಿದ ಮ್ಯಾಲೆ ಎಲಿ ಬಗ್ಗೆ ಏನಂತಾರ’ ಅಂತ. ಮಜಾ ಅಲ್ಲೇ ಐತಿ. ಊರಿಗೆ ಹೋಗ್ಯಾಳ ಅನ್ನೂವಾಗ ಆಕಿ ಬೇಜವಾಬ್ದಾರಿ ಹುಡುಗಿ, ಮಕ್ಕಳನ್ನ ನೀರಿನ ದಂಡಿಗೆ ಬಿಟ್ಟು ಹೋದಾಕಿ. ಚೀಲ ಇಲ್ಲೇ ಐತಿ, ಹಂಗಂದ್ರ ಮುಳುಗ್ಯಾಳ ಅನ್ನೂದು ಬಂದ ಕೂಡ್ಲೇ ಆಕಿ ಅರಾಶ್‌ನ ಉಳಿಸಾಕ ಹೋಗಿ ಜೀವಾ ಕೊಟ್ಟಾಕಿ. ನಿಶ್ಚಿತಾರ್ಥದ ಸುದ್ದಿ ಬಂತು, ಮತ್ತ ಕೆಟ್ಟಾಕಿ. ಎಲಿ ಏನೂ ಬದಲಾಗಿಲ್ಲರೀ, ಆಕಿ ಆಗಲೇ ಇಲ್ಲ. ಬದಲಾಗೂದು ಇವರ ಅನುಕೂಲ.

ಆಕಿ ಪೂರ್ತಿ ಹೆಸರು ಏನಂತ ಹೇಳಾಕೂ ಇವರಿಗೆ ಬರೂದಿಲ್ಲ ನೋಡ್ರಿ. ಒಂದು ರಾತ್ರಿ ಜೋಡಿ ಉಂಡಾರ, ಮೂಕಾಭಿನಯದ ಆಟ ಆಡ್ಯಾರ, ಕುಣದಾರ. ಹೆಸರು ಮಾತ್ರ ‘ಎಲಿ’ ಅಷ್ಟ.

ವಕೀಲಮ್ಮ

ಒಂದು ಕಾನೂನಿನ ಸಂಗತಿ ಸೇರಿಸುತ್ತೇನೆ, ಕೊನೆಯ ಸುಳ್ಳಿನ ತೂಕ ಅದರಿಂದ ಬದಲಾಗುತ್ತದೆ. ಇರಾನಿನ ನಾಗರಿಕ ಸಂಹಿತೆಯ 1035ನೇ ವಿಧಿಯ ಪ್ರಕಾರ ಮದುವೆಯಾಗುವ ಮಾತು ಕೊಟ್ಟ ಮಾತ್ರಕ್ಕೆ ದಾಂಪತ್ಯದ ಬಂಧ ಹುಟ್ಟುವುದಿಲ್ಲ. ಅಖ್ದ್, ಅಂದರೆ ಮದುವೆಯ ಒಪ್ಪಂದ ಆಗುವ ತನಕ ಯಾರು ಬೇಕಾದರೂ ಹಿಂದೆ ಸರಿಯಬಹುದು. ಮದುವೆಗೆಂದು ಕೊಟ್ಟ ಉಡುಗೊರೆ ವಾಪಸ್ ಕೇಳುವ ಹಕ್ಕು 1037ನೇ ವಿಧಿಯಲ್ಲಿದೆ. ಅಂದರೆ ಕಾನೂನಿನ ಕಣ್ಣಿಗೆ ಎಲಿ ಸ್ವತಂತ್ರಳು. ಅಲಿರೆಜಾಗೆ ಅವಳ ಮೇಲೆ ಗಂಡನ ಹಕ್ಕು ಯಾವುದೂ ಇಲ್ಲ.

ಈಗ ಗಮನಿಸಿ, ಈ ಗೆಳೆಯರೆಲ್ಲ ಕಾನೂನು ವಿಭಾಗದಲ್ಲಿ ಒಟ್ಟಿಗೆ ಓದಿದವರು. ಇದು ಅವರಿಗೆ ಗೊತ್ತಿರಲೇಬೇಕು. ಆದರೂ ‘ಅವಳಿಗೆ ಆಯ್ಕೆಯ ಹಕ್ಕಿತ್ತು’ ಎಂದು ಅಲಿರೆಜಾನ ಎದುರು ಹೇಳುವ ಧೈರ್ಯ ಯಾರಿಗೂ ಬರುವುದಿಲ್ಲ. ಅವರನ್ನು ಕಟ್ಟಿಹಾಕಿರುವುದು ಮರ್ಯಾದೆಯ ಭಯ. ಇನ್ನೊಬ್ಬನಿಗೆ ಗೊತ್ತಾದ ಹೆಣ್ಣನ್ನು ಮತ್ತೊಬ್ಬ ಗಂಡಿಗೆ ತೋರಿಸಲು ಕರೆತಂದರು ಎಂಬ ಮಾತು ಹಬ್ಬಿದರೆ ಎಂಟೂ ಜನರ ಮುಖಕ್ಕೆ ಮಸಿ. ವಿಲ್ಲಾದ ಹೆಂಗಸು ಬೇರೆ ಇವರಿಬ್ಬರೂ ಗಂಡ-ಹೆಂಡತಿ ಎಂದೇ ನಂಬಿದ್ದಾಳೆ. ಅವಳು ಅಲಿರೆಜಾನ ಮುಂದೆ ಬಾಯಿ ಬಿಟ್ಟರೆ ಮುಗಿಯಿತು. ಮೊದಲ ಹತ್ತಿಪ್ಪತ್ತು ನಿಮಿಷದಲ್ಲಿ ತಮಾಷೆಗೆಂದು ಹೇಳಿದ ಮಾತು ಹೇಗೆ ಸಾಕ್ಷ್ಯವಾಗಿ ತಿರುಗುತ್ತದೆ ಎಂಬುದಕ್ಕೆ ನಿಮ್ಮ ಚಾರ್ಟಿನ ಎರಡನೆಯ ಸಾಲನ್ನೇ ತೋರಿಸಿ.

ನಡುರಾತ್ರಿ_ಶೋ

ಎಲ್ಲರೂ ಹೊಗಳುತ್ತಿದ್ದೀರಿ, ನಾನು ತಕರಾರು ಹಾಕುತ್ತೇನೆ. ಎಲಿ ಗಾಳಿಪಟ ಹಾರಿಸುವ ದೃಶ್ಯ ತನಕ ಕ್ಯಾಮೆರಾ ಅವಳ ಪಕ್ಕದಲ್ಲೇ ಇದೆ. ಮುಖ್ಯವಾದದ್ದು ನಡೆಯುವ ಹೊತ್ತಿಗೆ ಮನೆಯ ಇನ್ನೊಂದು ಬದಿಗೆ, ವಾಲಿಬಾಲ್ ಆಡುವ ಗಂಡಸರ ಹತ್ತಿರ ಹೋಗಿ ನಿಲ್ಲುತ್ತದೆ. ನಿರ್ದೇಶಕನಿಗೆ ಗೊತ್ತಿದ್ದದ್ದನ್ನು ಬೇಕೆಂದೇ ಮುಚ್ಚಿಟ್ಟ ಹಾಗಲ್ಲವೇ? ಇದೇ ತಂತ್ರ ಅಗ್ಗದ ಥ್ರಿಲ್ಲರಿನಲ್ಲಿ ಬಂದರೆ ಬೈಯುತ್ತೇವೆ.

ಕತ್ತರಿ_ಟೇಪು

ಬೈಯುವ ಮೊದಲು ಆ ದೃಶ್ಯದ ಕಟ್‌ಗಳನ್ನು ನೋಡಿ. ಚಿತ್ರದ ಸಂಕಲನಕಾರ್ತಿ ಹಾಯೆದೆ ಸಫಿಯಾರಿ, ಫರ್ಹಾದಿಯ ಮುಂದಿನ ಚಿತ್ರ ‘ಎ ಸೆಪರೇಶನ್’ ಕೂಡ ಅವರದ್ದೇ ಕತ್ತರಿ. ಅಲ್ಲಿಯವರೆಗೆ ಚಿತ್ರ ಗುಂಪಿನ ಚಿತ್ರ. ಒಂದು ಫ್ರೇಮಿನಲ್ಲಿ ನಾಲ್ಕೈದು ಜನ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು, ಹೊಸೇನ್ ಜಾಫರಿಯಾನ್ ಅವರ ಕೈಯಲ್ಲಿ ಹಿಡಿದ ಕ್ಯಾಮೆರಾ ಯಾರ ಮೇಲೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಎಲಿ ಅಂಚಿನಲ್ಲೇ ಇರುತ್ತಾಳೆ, ಅತಿಥಿಯ ಸಂಕೋಚದಲ್ಲಿ.

ಗಾಳಿಪಟದ ದೃಶ್ಯದಲ್ಲಿ ಮೊದಲ ಸಲ ಅವಳೊಬ್ಬಳೇ ಫ್ರೇಮ್ ತುಂಬುತ್ತಾಳೆ. ದಾರ ಹಿಡಿದು ಓಡುತ್ತಾಳೆ, ನಗುತ್ತಾಳೆ, ಕಟ್‌ಗಳು ತುಂಡುತುಂಡಾಗಿ ಬೀಳುತ್ತವೆ. ನಡುನಡುವೆ ಸಮಯ ಜಾರಿಹೋಗಿದೆ ಎಂದು ಎಡಿಟಿಂಗೇ ಹೇಳುತ್ತಿದೆ. ಅಷ್ಟು ಹೊತ್ತು ಅವಳ ಕಣ್ಣು ಆಕಾಶದ ಮೇಲೆ, ನೀರಿನ ಮೇಲೆ ಅಲ್ಲ. ಕೊನೆಗೆ ‘ನಾನು ಹೋಗಬೇಕು’ ಅನ್ನುತ್ತಾಳೆ. ಇಷ್ಟರಲ್ಲಿ ಎರಡೂ ಸಾಧ್ಯತೆಗೆ ಬೇಕಾದದ್ದೆಲ್ಲ ಇದೆ. ಹೊರಟುಹೋದಳು ಎನ್ನುವುದಕ್ಕೆ ಆ ಮಾತು, ಮಗು ನೀರಿಗೆ ಜಾರಿದ್ದು ಗಮನಕ್ಕೆ ಬರಲಿಲ್ಲ ಎನ್ನುವುದಕ್ಕೆ ಆ ಕಣ್ಣು.

ಮೋಸ ಅಂದರೆ ಸುಳ್ಳು ತೋರಿಸುವುದು. ಇಲ್ಲಿ ಸುಳ್ಳು ತೋರಿಸಿಲ್ಲ, ಉಳಿದ ಏಳು ಜನರಿಗೆ ಸಿಕ್ಕದ ಸ್ಥಾನವನ್ನು ನಮಗೂ ಕೊಟ್ಟಿಲ್ಲ ಅಷ್ಟೇ. ಮುಳುಗುವುದನ್ನು ನಾವು ನೋಡಿಬಿಟ್ಟಿದ್ದರೆ ಉಳಿದ ಒಂದು ಗಂಟೆಗೂ ಹೆಚ್ಚು ಹೊತ್ತು ಇವರ ಜಗಳವನ್ನು ಮೇಲಿನಿಂದ ನೋಡಿ ನಗುತ್ತಿದ್ದೆವು.

ಗುಂಪಿಗೆ ಅಭ್ಯಾಸ ಬೇಕಾದರೆ: ಗಾಳಿಪಟದಿಂದ ಹಿಡಿದು ಅರಾಶ್ ಸಿಗುವ ತನಕದ ಭಾಗವನ್ನು ಶಬ್ದ ಮುಚ್ಚಿ ಒಮ್ಮೆ, ಚಿತ್ರ ಮುಚ್ಚಿ ಶಬ್ದ ಮಾತ್ರ ಒಮ್ಮೆ ಹಾಕಿ. ಎರಡು ಪಟ್ಟಿ ಮಾಡಿಸಿ: ಕಣ್ಣಿಗೆ ಯಾವಾಗ ಅಪಾಯ ಅನ್ನಿಸಿತು, ಕಿವಿಗೆ ಯಾವಾಗ ಅನ್ನಿಸಿತು.

ಕಡಲಕೋಳಿ

ತಾಂತ್ರಿಕವಾಗಿಯೂ ಆ ದೃಶ್ಯ ಸುಳ್ಳಲ್ಲ. ‘ಅಷ್ಟು ಹತ್ತಿರ ಇದ್ದವರಿಗೆ ಕೂಗು ಕೇಳಲಿಲ್ಲವೇ’ ಎಂದು ನಿಮ್ಮ ಗುಂಪಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ಇಟ್ಟುಕೊಳ್ಳಿ.

ನಿಜವಾಗಿ ಮುಳುಗುವವರು ಸಾಮಾನ್ಯವಾಗಿ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟಕ್ಕೆ ಮೇಲೆ ಕೆಳಗೆ ಆಗುತ್ತಿರುತ್ತದೆ, ಉಸಿರೆಳೆಯಲೇ ಪುರುಸೊತ್ತಿಲ್ಲ, ಮಾತಿಗೆ ಎಲ್ಲಿಯದು. ಕೈ ಬೀಸಿ ಕರೆಯಲೂ ಆಗುವುದಿಲ್ಲ, ಎರಡೂ ಕೈ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ಹೀಗೆ ಮೇಲ್ಮೈಯಲ್ಲಿ ಒದ್ದಾಡುವುದು 20ರಿಂದ 60 ಸೆಕೆಂಡು, ಚಿಕ್ಕ ಮಕ್ಕಳಲ್ಲಿ ಇನ್ನೂ ಬೇಗ ಮುಗಿಯುತ್ತದೆ. ವಾಲಿಬಾಲಿನಲ್ಲಿ ನಾಲ್ಕು ಸರ್ವ್ ಆಗುವಷ್ಟು ಹೊತ್ತು. ಅಲೆಯ ಮೊರೆತ ಬೇರೆ.

ಎಲಿಯ ಕಡೆಯಿಂದ ನೋಡಿದರೆ ಇನ್ನೂ ಕಷ್ಟ. ಮೈತುಂಬ ಬಟ್ಟೆ, ಉದ್ದನೆಯ ಮೇಲಂಗಿ, ತಲೆವಸ್ತ್ರ. ಒದ್ದೆ ಬಟ್ಟೆ ಕೈಕಾಲಿಗೆ ಸುತ್ತಿಕೊಂಡು ಈಜಿನ ಪ್ರತಿ ಎಳೆತಕ್ಕೂ ಅಡ್ಡಿ. ಕ್ಯಾಸ್ಪಿಯನ್ನಿನ ನೀರು ಸಾಗರದಷ್ಟು ಉಪ್ಪಲ್ಲ, ಸಾಗರದ 3.5% ಕ್ಕೆ ಇಲ್ಲಿ ಸುಮಾರು 1.2%. ತೇಲುವಿಕೆ ಅಷ್ಟರ ಮಟ್ಟಿಗೆ ಕಡಿಮೆ. ದಡದಿಂದ ಒಳಕ್ಕೆ ಎಳೆಯುವ ಸೆಳೆತಕ್ಕೆ ಸಿಕ್ಕಿದರೆ ನೇರ ದಡದ ಕಡೆ ಈಜಿದಷ್ಟೂ ಸುಸ್ತು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಿದ್ದು ಆಮೇಲೆ ತಿರುಗಬೇಕು. ಇದು ಗೊತ್ತಿಲ್ಲದೆ ಕಾಪಾಡಲು ಹಾರಿದವರೇ ಸಾಯುವುದು ಎಲ್ಲ ತೀರದಲ್ಲೂ ಇರುವ ಕಥೆ, ನಮ್ಮ ಉಳ್ಳಾಲ, ಗೋಕರ್ಣ ಕೂಡ ಸೇರಿ.

ಹಾಗಾಗಿ ‘ಉಳಿಸಲು ಹೋಗಿ ಮುಳುಗಿದಳು’ ಎಂಬುದು ನಂಬುವಂಥದ್ದೇ. ಆದರೆ ಚಿತ್ರ ಅದನ್ನೂ ಖಚಿತ ಮಾಡುವುದಿಲ್ಲ. ನೋಡಿದವರು ಮಕ್ಕಳು ಮಾತ್ರ.

ವಿಷಯ ಬಂದದ್ದಕ್ಕೆ: ಮುಳುಗಿದ ಮಗುವನ್ನು ತಲೆಕೆಳಗೆ ಹಿಡಿಯುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಬೇಡ. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು (ಯುರೋಪಿನ ಕ್ರಮದಲ್ಲಿ ಮೊದಲಿಗೆ 5), ಆಮೇಲೆ ಎದೆ ಒತ್ತುವುದು. ಎದೆ ಮಾತ್ರ ಒತ್ತುವ ವಿಧಾನ ಇಲ್ಲಿ ಸಾಲದು, ಯಾಕೆಂದರೆ ಇಲ್ಲಿ ನಿಂತಿರುವುದು ಮೊದಲು ಉಸಿರು.

ಶಬ್ದಗಾರ

ಕಡಲಿನ ಮೊರೆತ ಎಂದಿರಿ, ಅದು ಈ ಚಿತ್ರದ ಅರ್ಧ. ಮೊದಲಿನ ವಿಲ್ಲಾ ಸಿಗದೆ ತೀರದ ಪಾಳು ಮನೆಗೆ ಬಂದ ಮೇಲೆ ಅಲೆಯ ಸದ್ದು ನಿಲ್ಲುವುದೇ ಇಲ್ಲ ಎನ್ನಬಹುದು. ಹಿನ್ನೆಲೆ ಸಂಗೀತ ಕೊನೆಯ ತನಕ ಕಾಯಿಸುತ್ತದೆ. ಆ ಜಾಗದಲ್ಲಿ ಕೂತಿರುವುದು ಕಡಲು. ಮೊದಲ ದಿನ ಅದೇ ಸದ್ದು ರಜೆಯ ಖುಷಿ, ಎರಡನೆಯ ದಿನ ಅದೇ ಸದ್ದು ಬೆದರಿಕೆ. ಎಲ್ಲರೂ ಕೂಗಿ ಮಾತಾಡುತ್ತಾರೆ, ಮೊದಲು ಸದ್ದಿನ ಮೇಲೆ ಕೇಳಿಸಲೆಂದು, ಆಮೇಲೆ ಸಿಟ್ಟಿಗೆ. ಎರಡರ ನಡುವಿನ ಗಡಿ ಎಲ್ಲಿ ದಾಟಿದರು ಎಂದು ಹೇಳುವುದು ಕಷ್ಟ.

ಪ್ರದರ್ಶನದಲ್ಲಿ ಇದು ಕೆಡುವುದು ಒಂದೇ ಕಾರಣಕ್ಕೆ. ಡಿಸ್ಕಿನಲ್ಲಿ 5.1 ಶಬ್ದ (ಆರು ಬೇರೆ ಬೇರೆ ಚಾನಲ್) ಇದ್ದರೆ ಮಾತು ಬಹುಪಾಲು ನಡುವಿನ ಚಾನಲ್ಲಿನಲ್ಲಿ ಇರುತ್ತದೆ. ಪ್ಲೇಯರ್ 5.1 ಕಳಿಸುತ್ತ, ನಿಮ್ಮ ಹತ್ತಿರ ಎಡ-ಬಲ ಎರಡೇ ಸ್ಪೀಕರ್ ಇದ್ದರೆ ನಡುವಿನದು ಬಿದ್ದುಹೋಗಿ ಅಲೆ ಮಾತ್ರ ಕೇಳುತ್ತದೆ, ಮಾತು ಬಾವಿಯೊಳಗಿಂದ ಬಂದಂತೆ. ಪ್ಲೇಯರಿನ ಆಡಿಯೊ ಔಟ್‌ಪುಟ್ ಅನ್ನು ಸ್ಟೀರಿಯೊ ಡೌನ್‌ಮಿಕ್ಸ್‌ಗೆ (ಎಲ್ಲ ಚಾನಲ್ಲನ್ನೂ ಎಡ-ಬಲ ಎರಡಕ್ಕೇ ಸೇರಿಸುವುದು) ಹಾಕಿ. ಹಾಕಿದ ಮೇಲೆ ಮೊದಲ ರಾತ್ರಿ ಎಲ್ಲರೂ ಕೂತು ಆಟ ಆಡುವ ಭಾಗದಲ್ಲಿ ಪರೀಕ್ಷಿಸಿ, ಯಾಕೆಂದರೆ ಅಲ್ಲಿ ಎಂಟು ದನಿ ಒಟ್ಟಿಗೆ ಇದೆ. ಪ್ರೊಜೆಕ್ಟರಿನ ಒಳಗಿನ ಸ್ಪೀಕರ್ ಬೇಡವೇ ಬೇಡ. ಅದರಲ್ಲಿ ಕೆಳದನಿ ಬರುವುದಿಲ್ಲ, ಕಡಲು ಹಾಲು ಉಕ್ಕಿದ ಹಾಗೆ ಸುಸ್ಸೆನ್ನುತ್ತದೆ.

ಪರದೆ_ಹಿಂದೆ

ಶಬ್ದಗಾರ ಸರ್, ಉಪಯೋಗ ಆಯಿತು. ಸಬ್‌ಟೈಟಲ್ ಬಗ್ಗೆಯೂ ಹೇಳಿಬಿಡಿ. ಪರೀಕ್ಷೆಗೆ ಹಾಕಿದಾಗ ಶುರುವಿನಲ್ಲಿ ಸರಿಯಾಗಿತ್ತು, ಹೋಗುತ್ತ ಹೋಗುತ್ತ ಮಾತಿಗೂ ಅಕ್ಷರಕ್ಕೂ ಸಂಬಂಧ ತಪ್ಪಿತು.

ಶಬ್ದಗಾರ

ಅದು ಫ್ರೇಮ್ ರೇಟಿನ ತಂಟೆ. ಸಬ್‌ಟೈಟಲ್ ಸೆಕೆಂಡಿಗೆ 25 ಫ್ರೇಮಿನ ಪ್ರತಿಗೆ ಮಾಡಿದ್ದು, ನಿಮ್ಮ ಪ್ರತಿ 23.976 ಇದ್ದರೆ ವ್ಯತ್ಯಾಸ ಸುಮಾರು 4%. ಎರಡು ಗಂಟೆಯ ಹತ್ತಿರದ ಚಿತ್ರಕ್ಕೆ ಕೊನೆಯಲ್ಲಿ ಐದು ನಿಮಿಷ ಮುಂಚೆ ಬಂದುಬಿಡುತ್ತದೆ. ವಿಎಲ್‌ಸಿ ಪ್ಲೇಯರಿನಲ್ಲಿ ಜಿ, ಎಚ್ ಕೀ ಒತ್ತಿ ಸರಿಪಡಿಸಲು ಹೋಗಬೇಡಿ. ಅದು ಎಲ್ಲ ಸಾಲನ್ನೂ ಒಂದೇ ಅಳತೆಯಲ್ಲಿ ಸರಿಸುತ್ತದೆ, ಹತ್ತು ನಿಮಿಷಕ್ಕೆ ಮತ್ತೆ ತಪ್ಪುತ್ತದೆ. ಸಬ್‌ಟೈಟಲ್ ಎಡಿಟ್ ತಂತ್ರಾಂಶದಲ್ಲಿ ಫ್ರೇಮ್ ರೇಟ್ ಬದಲಿಸುವ ಆಯ್ಕೆ ಇದೆ, 25ರಿಂದ 23.976ಕ್ಕೆ ಬದಲಿಸಿ ಉಳಿಸಿ. ಆಮೇಲೆ ಮೊದಲ ಮಾತು, ಕೊನೆಯ ಮಾತು ಎರಡನ್ನೂ ನೋಡಿ. ಎರಡೂ ಕೂತರೆ ನಡುವಿನದು ಕೂತಂತೆ.

ಈ ಚಿತ್ರಕ್ಕೆ ಇದು ಜೀವನ್ಮರಣದ ಪ್ರಶ್ನೆ. ಅಲಿರೆಜಾ ಎಲಿಯ ಅಣ್ಣ ಎಂದೇ ಉಳಿದವರು ತಿಳಿದಿರುತ್ತಾರೆ. ‘ಅವನು ಅಣ್ಣ ಅಲ್ಲ, ಮದುವೆ ಗೊತ್ತಾದವನು’ ಎಂಬ ಸಾಲು ಸೆಪಿದೆ ಬಾಯಿ ತೆರೆಯುವ ಮೊದಲೇ ಪರದೆಯ ಮೇಲೆ ಬಂದರೆ ಚಿತ್ರ ಅಲ್ಲಿಗೆ ಮುಗಿಯಿತು. ಇನ್ನೊಂದು: ಎಂಟು ಜನ ಒಟ್ಟಿಗೆ ಮಾತಾಡುವಾಗ ಸಬ್‌ಟೈಟಲ್ ಒಬ್ಬಿಬ್ಬರದನ್ನು ಮಾತ್ರ ಹಿಡಿಯುತ್ತದೆ. ಚಾರ್ಟ್ ತುಂಬುವಾಗ ‘ಇದನ್ನು ಯಾರೂ ಹೇಳಲೇ ಇಲ್ಲ’ ಎಂದು ತೀರ್ಮಾನಿಸಬೇಡಿ. ಸಬ್‌ಟೈಟಲ್ಲಿನಲ್ಲಿ ಬಂದಿಲ್ಲ, ಅಷ್ಟೇ ಹೇಳಬಹುದು.

ನಡುರಾತ್ರಿ_ಶೋ

ಕತ್ತರಿ ಅವರೇ, ಮೋಸ ಎಂಬ ಮಾತು ಹಿಂತೆಗೆದುಕೊಳ್ಳುವುದಿಲ್ಲ, ಸ್ವಲ್ಪ ತಿದ್ದುತ್ತೇನೆ. ಆಂಟೋನಿಯೋನಿಯ 1960ರ ‘ಲಾವ್ವೆಂತೂರಾ’ ಇದೆಯಲ್ಲ, ಅಲ್ಲಿಯೂ ಪ್ರವಾಸಕ್ಕೆ ಹೋದ ಗುಂಪಿನಿಂದ ಒಬ್ಬಳು ದ್ವೀಪದಲ್ಲಿ ಕಾಣೆಯಾಗುತ್ತಾಳೆ. ಕೊನೆಗೂ ಸಿಗುವುದಿಲ್ಲ, ಗೆಳೆಯರೇ ಅವಳನ್ನು ಮರೆಯುತ್ತಾರೆ. ಅದು ಪ್ರಾಮಾಣಿಕ. ಫರ್ಹಾದಿ ಹೆಣ ಸಿಗುವಂತೆ ಮಾಡಿ, ಅಲಿರೆಜಾ ಶವಾಗಾರದಲ್ಲಿ ಗುರುತು ಹಿಡಿದು ಅಳುವ ತನಕ ತಂದು, ರಹಸ್ಯದ ಗಂಟನ್ನು ಬಿಗಿಯಾಗಿ ಕಟ್ಟಿಬಿಡುತ್ತಾರೆ. ಮುಕ್ತವಾಗಿ ಬಿಟ್ಟಿದ್ದರೆ ಚೆನ್ನಾಗಿರುತ್ತಿತ್ತು.

ತುಂಗಾತೀರ

ಹೆಣ ಸಿಗದಿದ್ದರೆ ಸೆಪಿದೆಯ ಸುಳ್ಳಿಗೆ ಬೆಲೆಯೇ ಇಲ್ಲ. ಎಲಿ ಎಲ್ಲೋ ಬದುಕಿದ್ದಾಳೆ ಎಂಬ ಆಸೆ ಉಳಿದರೆ ಒಂದು ದಿನ ಅವಳೇ ಬಂದು ‘ನಾನು ಬರುವುದಿಲ್ಲ ಅಂದಿದ್ದೆ’ ಎಂದು ಹೇಳಬಹುದು. ಸತ್ತಿದ್ದಾಳೆ ಎಂದು ಖಚಿತವಾದ ಮೇಲೆ ಅವಳ ಪರವಾಗಿ ಸಾಕ್ಷಿ ಹೇಳಬಲ್ಲವಳು ಇಡೀ ಲೋಕದಲ್ಲಿ ಒಬ್ಬಳೇ, ಸೆಪಿದೆ. ಅವಳು ಹೇಳಲಿಲ್ಲ. ‘ಎಲಿಗೆ ಏನಾಯಿತು’ ಎಂಬ ಗಂಟು ಬಿಚ್ಚಿದ್ದು ‘ಎಲಿ ಎಂಥವಳಾಗಿದ್ದಳು’ ಎಂಬ ಗಂಟನ್ನು ಶಾಶ್ವತವಾಗಿ ಬಿಗಿಯಲೆಂದೇ.

ಪರದೆ_ಹಿಂದೆ ಅವರ ಮೂರನೆಯ ಪ್ರಶ್ನೆಗೂ ಇದೇ ದಾರಿ. ಸರಿಯೋ ತಪ್ಪೋ ಎಂದು ಕೇಳಬೇಡಿ. ಅಲಿರೆಜಾ ಕೇಳುವ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆಯಿರಿ: ಪ್ರವಾಸಕ್ಕೆ ಕರೆದಾಗ ಅವಳು ಒಲ್ಲೆ ಅನ್ನಲಿಲ್ಲವೇ? ಗುಂಪನ್ನು ಎರಡು ಮಾಡಿ. ಒಂದು ಗುಂಪು ‘ಅಂದಳು’ ಎಂಬ ಉತ್ತರದಿಂದ ಮುಂದಿನ ಒಂದೂವರೆ ಪುಟದ ದೃಶ್ಯ ಬರೆಯಲಿ, ಇನ್ನೊಂದು ಗುಂಪು ಚಿತ್ರದಲ್ಲಿರುವಂತೆ ‘ಇಲ್ಲ’ ಎಂಬುದರಿಂದ. ‘ಅಂದಳು’ ಬರೆದವರಿಗೆ ತಕ್ಷಣ ತೊಡಕು ಎದುರಾಗುತ್ತದೆ: ಹಾಗಿದ್ದರೆ ಗೊತ್ತಿದ್ದೂ ಯಾಕೆ ಒತ್ತಾಯ ಮಾಡಿದಿರಿ ಎಂದು ಅಲಿರೆಜಾ ಕೇಳುತ್ತಾನೆ, ಆ ಪ್ರಶ್ನೆ ಸೆಪಿದೆಯೊಬ್ಬಳ ಮೇಲೆ ನಿಲ್ಲುವುದಿಲ್ಲ, ಅಹ್ಮದ್‌ಗೆ ಗೊತ್ತಿತ್ತೇ, ನಿಮ್ಮ ಗಂಡನಿಗೆ ಗೊತ್ತಿತ್ತೇ ಎಂದು ಮೇಜಿನ ಸುತ್ತ ತಿರುಗುತ್ತದೆ. ‘ಇಲ್ಲ’ ಬರೆದವರಿಗೆ ದೃಶ್ಯ ನಾಲ್ಕು ಸಾಲಿನಲ್ಲಿ ಮುಗಿದುಹೋಗುತ್ತದೆ. ಸುಳ್ಳು ಎಷ್ಟು ಸಲೀಸು ಎಂಬುದು ಪುಟದ ಉದ್ದದಲ್ಲೇ ಕಾಣುತ್ತದೆ.

ಒಂದು ಎಚ್ಚರಿಕೆ. ಬರೆಯುವವರು ಸೆಪಿದೆಯನ್ನು ಖಳನಾಯಕಿ ಮಾಡಿಬಿಡುತ್ತಾರೆ. ಅವಳು ಸತ್ಯ ಹೇಳಲು ಸಿದ್ಧಳಾಗಿದ್ದಳು, ಉಳಿದವರು ಒತ್ತಿ ಒತ್ತಿ ಒಪ್ಪಿಸಿದ್ದು ಎಂಬುದನ್ನು ದೃಶ್ಯದಲ್ಲಿ ಇಡಲೇಬೇಕೆಂದು ಹೇಳಿ.

ವಕೀಲಮ್ಮ

ಒತ್ತಿದವರಲ್ಲಿ ಹೆಂಗಸರೂ ಇದ್ದಾರೆ, ಅದು ತಪ್ಪಿಹೋಗಬಾರದು. ಈ ಚಿತ್ರವನ್ನು ‘ಗಂಡಸರ ದಬ್ಬಾಳಿಕೆ’ ಎಂದು ಒಂದೇ ಸಾಲಿನಲ್ಲಿ ಮುಗಿಸುವವರನ್ನು ಕಂಡಿದ್ದೇನೆ. ಶೊಹ್ರೆಯ ಸಿಟ್ಟು ತಾಯಿಯ ಸಿಟ್ಟು, ಮಗ ಸಾಯುತ್ತಿದ್ದ. ನಾಜಿಗೆ ಇದರಿಂದ ಬೇಗ ಹೊರಬಿದ್ದರೆ ಸಾಕಾಗಿದೆ. ಇಬ್ಬರೂ ಎಲಿಯನ್ನು ದ್ವೇಷಿಸುವುದಿಲ್ಲ. ಆದರೆ ಎಲಿಯ ಮಾನ ಉಳಿಸಲು ತಮ್ಮದನ್ನು ಪಣಕ್ಕಿಡುವಷ್ಟು ಆಪ್ತತೆಯೂ ಇಲ್ಲ, ಅವಳು ನಿನ್ನೆ ಬಂದ ಅತಿಥಿ. ಮೂವರಲ್ಲಿ ಅವಳನ್ನು ಸ್ನೇಹಿತೆ ಅನ್ನುವ ಅಧಿಕಾರ ಇದ್ದವಳು ಸೆಪಿದೆ ಮಾತ್ರ.

ಅಮೀರ್ ಹೆಂಡತಿಯ ಮೇಲೆ ಕೈಮಾಡುವ ದೃಶ್ಯದ ಬಗ್ಗೆಯೂ ಒಂದು ಮಾತು. 1979ರ ನಂತರದ ಇರಾನಿ ಚಿತ್ರಗಳಲ್ಲಿ ಗಂಡ-ಹೆಂಡತಿಯ ಪಾತ್ರ ಮಾಡುವ ನಟ-ನಟಿ ಒಬ್ಬರನ್ನೊಬ್ಬರು ಮುಟ್ಟುವಂತಿಲ್ಲ, ಮನೆಯೊಳಗಿನ ದೃಶ್ಯದಲ್ಲೂ ನಟಿಯ ತಲೆಯ ಮೇಲೆ ಬಟ್ಟೆ ಇರಲೇಬೇಕು. ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಮಾಡುವುದಕ್ಕೂ ಜಾಗವಿಲ್ಲದ ಪರದೆಯ ಮೇಲೆ ಕೈ ಎತ್ತುವುದು ಕಂಡಾಗ ಅದರ ಪೆಟ್ಟೇ ಬೇರೆ. ಈ ನಿಯಮ ಗೊತ್ತಿಲ್ಲದ ಪ್ರೇಕ್ಷಕರಿಗೆ ಮೊದಲೇ ಎರಡು ಸಾಲಿನಲ್ಲಿ ತಿಳಿಸಿ. ಇಲ್ಲದಿದ್ದರೆ ‘ರಾತ್ರಿ ಮಲಗುವಾಗಲೂ ತಲೆವಸ್ತ್ರ ಯಾಕೆ’ ಎಂಬ ಪಿಸುಮಾತು ಶುರುವಾಗುತ್ತದೆ.

ಧಾರವಾಡ_ಪೇಡೆ

ಸುರುವಿನ ಟೈಟಲ್ ಬಗ್ಗೆ ಯಾರೂ ಮಾತಾಡ್ಲಿಲ್ಲಲ್ರೀ? ಕತ್ತಲ ಒಳಗಿಂದ ಸಣ್ಣ ಸೀಳು ಬೆಳಕು, ಅದರಾಗ ನೋಟು ತೂರಸ್ತಾರ. ಅದು ದಾನದ ಡಬ್ಬಿ ಒಳಗಿನ ನೋಟ. ಇರಾನಿನ ಬೀದ್ಯಾಗ ‘ಸದಖಾ’ ಡಬ್ಬಿ ಇರ್ತಾವ, ಪ್ರಯಾಣಕ್ಕ ಹೊರಡೂ ಮುಂದ ಅನಾಹುತ ತಪ್ಪಲಿ ಅಂತ ರೊಕ್ಕ ಹಾಕ್ತಾರ. ಆ ಸೀಳೇ ಮುಂದ ಸುರಂಗದ ಬಾಯಿ ಬೆಳಕು ಆಗ್ತದ, ಕಾರಿನ ಕಿಟಕ್ಯಾಗಿಂದ ಎಲ್ಲಾರೂ ಚೀರ್ತಾರ, ಖುಷಿಗೆ. ಚಾರ್ಟಿನ ಮ್ಯಾಲೆ ಸೊನ್ನೇ ನಿಮಿಷ ಅಂತ ಬರದು ಇದನ್ನೂ ಹಾಕ್ರಿ.

ಹಂಗ, ಅಹ್ಮದ್ ಕಾರ್‌ನ್ಯಾಗ ಎಲಿಗೆ ಹೇಳೂ ಮಾತು ಐತಲ್ಲ, ಕೊನೆ ಇಲ್ಲದ ಕಹಿಗಿಂತ ಕಹಿಯಾದ ಕೊನೆ ಚಲೋ ಅಂತ, ಅವನ ಜರ್ಮನ್ ಹೆಂಡತಿ ಅಂದದ್ದು. ಅದನ್ನ ಎಲ್ಲಾರೂ ಚಿತ್ರದ ಸಾರಾಂಶ ಅಂತ ಪೋಸ್ಟರ್ ಮಾಡ್ಕೊಂಡು ಹಂಚ್ತಾರ. ಅದು ಅವನ ವಿಚ್ಛೇದನದ ಮಾತು. ಎಲಿ ಕಿವಿಗೆ ಅದು ತನ್ನ ನಿಶ್ಚಿತಾರ್ಥದ ಮಾತಾಗಿ ಬೀಳ್ತದ, ಅಹ್ಮದ್‌ಗ ಅದು ಗೊತ್ತಿಲ್ಲ. ಎರಡನೇ ಸಲ ನೋಡುವಾಗ ಆಕಿ ಮುಖಾ ನೋಡ್ರಿ, ಅವನ ಮುಖಾ ಬ್ಯಾಡ.

ಕತ್ತರಿ_ಟೇಪು

ನಟರ ಬಗ್ಗೆ ಗುಂಪಿಗೆ ಹೇಳಬೇಕಾದಷ್ಟು: ಸೆಪಿದೆ ಗೊಲ್ಶಿಫ್ತೆ ಫರಾಹಾನಿ, ಎಲಿ ತರಾನೆ ಅಲಿದೂಸ್ತಿ, ಅಹ್ಮದ್ ಶಹಾಬ್ ಹೊಸೇನಿ, ಶೊಹ್ರೆ ಮೆರಿಲಾ ಜಾರೆಯಿ, ಅಲಿರೆಜಾ ಸಾಬೆರ್ ಅಬರ್. ಪೇಮಾನ್ ಪಾತ್ರದ ಪೇಮಾನ್ ಮೊಆದಿ ಅಲ್ಲಿಯವರೆಗೆ ಚಿತ್ರಕಥೆಗಾರ, ನಟನಾಗಿ ಇದೇ ಮೊದಲು, ಎರಡು ವರ್ಷದಲ್ಲಿ ‘ಎ ಸೆಪರೇಶನ್’ನ ನಾಯಕ. ಅಮೀರ್ ಆಗಿರುವ ಮಾನಿ ಹಘೀಘಿ ಸ್ವತಃ ನಿರ್ದೇಶಕ. ಫರಾಹಾನಿ ಅದಕ್ಕೆ ಮುಂಚೆ ರಿಡ್ಲಿ ಸ್ಕಾಟ್‌ನ ‘ಬಾಡಿ ಆಫ್ ಲೈಸ್’ನಲ್ಲಿ ನಟಿಸಿದ್ದರಿಂದ ಅಲ್ಲಿನ ಅಧಿಕಾರಿಗಳ ಕೋಪಕ್ಕೆ ಗುರಿಯಾಗಿ ದೇಶ ಬಿಟ್ಟರು. ಚಿತ್ರ 2009ರ ಬರ್ಲಿನ್ ಉತ್ಸವದಲ್ಲಿ ಉತ್ತಮ ನಿರ್ದೇಶನಕ್ಕೆ ಬೆಳ್ಳಿ ಕರಡಿ ಪಡೆಯಿತು, ಅಮೆರಿಕದ ಚಿತ್ರಮಂದಿರಕ್ಕೆ ಬಂದದ್ದು 2015ರಲ್ಲಿ, ‘ಎ ಸೆಪರೇಶನ್’ಗೆ ಆಸ್ಕರ್ ಬಂದು ಮೂರು ವರ್ಷದ ಮೇಲೆ. ಇಷ್ಟು ಸಾಕು, ಪ್ರಶಸ್ತಿ ಪಟ್ಟಿ ಓದಲು ಹೊರಟರೆ ಚರ್ಚೆಗೆ ಹೊತ್ತಿರುವುದಿಲ್ಲ.

ನಡುರಾತ್ರಿ_ಶೋ

ಜೋಡಿಯಾಗಿ ಇನ್ನೊಂದು ಬೇಕಾದರೆ ಶಹ್ರಾಮ್ ಶಾಹ್‌ಹೊಸೇನಿಯ ‘ಖಾನೆ-ಯೆ ದೊಖ್ತರ್’ ಹಾಕಿ, 2015ರದು. ಮದುವೆಯ ಹೊಸ್ತಿಲಲ್ಲಿ ಮದುಮಗಳು ಹಠಾತ್ತಾಗಿ ಸಾಯುತ್ತಾಳೆ, ಮದುವೆಗೆಂದು ಸಾಮಾನು ಕೊಳ್ಳಲು ಹೋಗಿದ್ದ ಗೆಳತಿಯರಿಗೆ ಸುದ್ದಿ ಬರುತ್ತದೆ, ಯಾಕೆ ಎಂದು ಕೇಳಿದರೆ ಎರಡೂ ಮನೆಯವರು ಬಾಯಿ ಬಿಡುವುದಿಲ್ಲ. ಕಟ್ಟಡ ಫರ್ಹಾದಿಯಷ್ಟು ಬಿಗಿ ಇಲ್ಲ. ಆದರೆ ಗೆಳತಿಯರು ಸತ್ತವಳ ಪರವಾಗಿ ಕೇಳುತ್ತಾರೆ, ಸೆಪಿದೆಯ ಪಕ್ಕದಲ್ಲಿಟ್ಟು ನೋಡಲು ಅದೇ ಸಾಕು. ಒಂದೇ ದಿನ ಎರಡೂ ಬೇಡ, ಎರಡೂ ಹಾಳಾಗುತ್ತವೆ.

ಪರದೆ_ಹಿಂದೆ

ಎಲ್ಲರಿಗೂ ಧನ್ಯವಾದ. ಎರಡು ಸಣ್ಣ ಅನುಮಾನ. ಮಕ್ಕಳಿಗೆ ಚಾರ್ಟಿನಲ್ಲಿ ಕಾಲಂ ಬೇಕೇ? ಇಂಟರ್ವಲ್ ಎಲ್ಲಿ ಕೊಡಲಿ?

ತುಂಗಾತೀರ

ಮೂವರಿಗೂ ಸೇರಿ ಒಂದು ಕಾಲಂ, ಪೆನ್ಸಿಲಿನಲ್ಲಿ. ನೀರಿನ ಹತ್ತಿರ ಇದ್ದವರು ಅವರೇ. ಆದರೆ ಹೆದರಿದ ಮಗುವನ್ನು ದೊಡ್ಡವರು ಸುತ್ತುಗಟ್ಟಿ ಕೇಳುವಾಗ ಉತ್ತರ ಪ್ರಶ್ನೆಯೊಳಗೇ ಇರುತ್ತದೆ. ಮಗು ತಾನಾಗಿ ಹೇಳಿದ್ದು, ತಲೆಯಾಡಿಸಿದ್ದು, ಇವೆರಡನ್ನು ಬೇರೆ ಬೇರೆ ಗುರುತಿನಲ್ಲಿ ಬರೆಯಿರಿ.

ಇಂಟರ್ವಲ್ ಬೇಡ ಅನ್ನುತ್ತೇನೆ. ಕೊಡಲೇಬೇಕಾದರೆ ಅಲಿರೆಜಾ ಬಂದು ತಲುಪುವುದಕ್ಕೆ ಮುಂಚೆ ಕೊಡಿ. ಅರಾಶ್ ಸಿಕ್ಕ ಕೂಡಲೇ ದೀಪ ಹಾಕಿದರೆ ಚಹಾ ಕುಡಿಯುತ್ತ ಎಲ್ಲರೂ ಊಹೆ ಕಟ್ಟಿ, ವಾಪಸ್ ಬರುವಾಗ ತೀರ್ಪು ಕೊಟ್ಟೇ ಬರುತ್ತಾರೆ.

ಧಾರವಾಡ_ಪೇಡೆ

ಚಹಾ ಮದಲ ಕುಡಿಸಿಬಿಡ್ರಿ. ಮತ್ತ ಆ ಚಾರ್ಟು ತುಂಬಿದ ಮ್ಯಾಲೆ ಫೋಟೋ ತಗದು ಇಲ್ಲಿ ಹಾಕ್ರಿ, ಅಹ್ಮದ್‌ನ ಕಾಲಂ ಬಗ್ಗೆ ನನಗ ಜಗಳ ಐತಿ.